ಫೈಬರ್ ದೋಣಿಯ ಹಳೆ ಸ್ಟಿಕ್ಕರ್ ಅಕ್ಷರ: ತೆಗೆದರೂ ಗುರುತು ಯಾಕೆ ಹೋಗಲ್ಲ?

ಮಲ್ಪೆ, ಗಂಗೊಳ್ಳಿ, ಕಾರವಾರ, ಎಲ್ಲಿ ಬೇಕಾದರೂ ಹೋಗಿ ನೋಡಿ. ಒಂದೇ ಫೈಬರ್ ದೋಣಿಯ ಮೇಲೆ ಎರಡು ಹೆಸರು ಕಾಣುತ್ತದೆ. ಒಂದು ಈಗಿನ ಹೆಸರು. ಇನ್ನೊಂದು ಹಿಂದಿನ ಮಾಲೀಕರು ಅಂಟಿಸಿದ್ದ ಹೆಸರಿನ ನೆರಳು. ಸ್ಟಿಕ್ಕರ್ ಕಿತ್ತು ವರ್ಷವಾಗಿದ್ದರೂ ಅಕ್ಷರ ಓದಲು ಬರುತ್ತದೆ.

ಇದನ್ನು ನೋಡಿದವರು ಸಾಮಾನ್ಯವಾಗಿ ಅಂಟು ಉಳಿದಿದೆ ಅಂದುಕೊಳ್ಳುತ್ತಾರೆ. ಥಿನ್ನರ್ ಹಾಕಿ ಉಜ್ಜುತ್ತಾರೆ. ಹೋಗದಿದ್ದರೆ ಅಕ್ಷರ ಇದ್ದ ಜಾಗವನ್ನೇ ಸ್ಯಾಂಡ್ ಪೇಪರ್‌ನಿಂದ ತಿಕ್ಕುತ್ತಾರೆ. ಕೊನೆಗೆ ದೋಣಿಯ ಮೈ ಮಂಕಾಗುತ್ತದೆ, ಹೆಸರು ಮಾತ್ರ ಹಾಗೇ ಇರುತ್ತದೆ. ಯಾಕೆಂದರೆ ಹೆಚ್ಚಿನ ಸಲ ಅಕ್ಷರದ ಜಾಗದಲ್ಲಿ ದೋಷವೇ ಇರುವುದಿಲ್ಲ. ದೋಷ ಇರುವುದು ಅದರ ಸುತ್ತಲಿನ ಜಾಗದಲ್ಲಿ. ಇದೊಂದು ಮಾತು ನೆನಪಿಟ್ಟುಕೊಂಡು ಕೆಲಸ ಶುರು ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ, ದೋಣಿಯ ಮೈಯೂ ಉಳಿಯುತ್ತದೆ.

ಫೈಬರ್ ದೋಣಿಯ ಹೊರಗಿನ ಹೊಳೆಯುವ ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಇದು ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ಅಚ್ಚಿನಲ್ಲಿ ಮೊದಲು ಇದನ್ನು ಬಳಿದು, ಆಮೇಲೆ ಅದರ ಮೇಲೆ ಗ್ಲಾಸ್ ಫೈಬರ್ ಮ್ಯಾಟ್ ಹಾಕುತ್ತಾರೆ. ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ತಿಕ್ಕಿ ತೆಗೆದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಮೊದಲು ಪತ್ತೆ, ಆಮೇಲೆ ಕೆಲಸ.

ಶುರು ಮಾಡುವ ಮೊದಲು ಮೂರು ಪರೀಕ್ಷೆ

ಮೊದಲನೆಯದು, ಅದು ನಿಜವಾಗಿ ಸ್ಟಿಕ್ಕರ್ ಹೌದೋ ಅಲ್ಲವೋ ನೋಡಿ. ನಮ್ಮ ಕಡೆ ಹೆಸರು, ನಂಬರ್ ಎಲ್ಲವನ್ನೂ ಪೇಂಟರ್ ಕೈಯಲ್ಲಿ ಬರೆಸುವುದೂ ಇದೆ, ಅಂಗಡಿಯಲ್ಲಿ ರೇಡಿಯಂ ಕಟಿಂಗ್ ಮಾಡಿಸಿ ಅಂಟಿಸುವುದೂ ಇದೆ. ಬಿಸಿಲಿಗೆ ಹಳತಾದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಅಕ್ಷರದ ಮೂಲೆಗೆ ಹೇರ್ ಡ್ರೈಯರ್ ಹಿಡಿದು ಅರ್ಧ ನಿಮಿಷ ಬಿಸಿ ಮಾಡಿ, ಉಗುರಿನಿಂದ ಎತ್ತಿ. ಮೆತ್ತಗಾಗಿ ಸಿಪ್ಪೆಯ ಥರ ಎದ್ದರೆ ವಿನೈಲ್ ಸ್ಟಿಕ್ಕರ್. ಗಟ್ಟಿಯಾಗೇ ಇದ್ದು ಹಕ್ಕಳೆ ಏಳುತ್ತಿದ್ದರೆ ಪೇಂಟ್. ಪೇಂಟ್ ಆಗಿದ್ದರೆ ಈ ಬರಹದ ಮೊದಲ ಭಾಗ ನಿಮಗೆ ಬೇಡ, ಆದರೆ ನೆರಳಿನ ಭಾಗ ಖಂಡಿತ ಬೇಕು.

ಎರಡನೆಯದು, ಅದು ಯಾವುದರ ಮೇಲೆ ಅಂಟಿದೆ ಅನ್ನುವುದು. ಎಲ್ಲ ದೋಣಿಯ ಹೊರಮೈಯೂ ಜೆಲ್‌ಕೋಟ್ ಅಲ್ಲ. ಹಳೆ ದೋಣಿಗೆ ಮೇಲಿಂದ ಎನಾಮಲ್ ಬಳಿದಿರಬಹುದು. ಮರದ ದೋಣಿಗೆ ಹೊರಗಿನಿಂದ ಫೈಬರ್ ಹೊದಿಸಿದ್ದರೆ ಅಲ್ಲಿ ಅಚ್ಚಿನಿಂದ ಬಂದ ಜೆಲ್‌ಕೋಟ್ ಇರುವುದೇ ಇಲ್ಲ, ಮೇಲೆ ಕಾಣುವುದು ಬಳಿದ ಬಣ್ಣ. ಎದ್ದು ಕಾಣದ ಒಂದು ಮೂಲೆ ಆರಿಸಿಕೊಳ್ಳಿ. ಅಲ್ಲಿನ ಬಿಳಿ ಪುಡಿಯನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಬಿಳಿ ಹತ್ತಿಗೆ ಅಸಿಟೋನ್ ತಾಗಿಸಿ ಮೆಲ್ಲಗೆ ಒರೆಸಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಅದು ಎನಾಮಲ್ ಅಥವಾ ಅದರಂಥದ್ದೇ ಪೇಂಟ್. ಅಂಥ ದೋಣಿಗೆ ಅಸಿಟೋನ್, ಥಿನ್ನರ್ ಎರಡೂ ಬೇಡ. ಬಣ್ಣ ಬರದಿದ್ದರೆ ಜೆಲ್‌ಕೋಟ್, ಇಲ್ಲವೇ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್. ಪುಡಿ ತೊಳೆಯದೆ ಈ ಪರೀಕ್ಷೆ ಮಾಡಬೇಡಿ. ಬಿಸಿಲು ತಿಂದ ಜೆಲ್‌ಕೋಟ್‌ನ ಪುಡಿಯೇ ಹತ್ತಿಗೆ ಹಿಡಿದು ಪೇಂಟ್ ಅನ್ನುವ ತಪ್ಪು ಉತ್ತರ ಸಿಗುತ್ತದೆ.

ಮೂರನೆಯದು ಸ್ಟಿಕ್ಕರ್‌ನ ಸ್ಥಿತಿ. ಬಗ್ಗಿಸಿದರೆ ಬಾಗುತ್ತದಾ, ಪಟ್ ಅಂತ ಮುರಿಯುತ್ತದಾ? ವಿನೈಲ್ ಅಂದರೆ ಪಿವಿಸಿ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಬಿಸಿಲಿಗೆ ನಿಧಾನವಾಗಿ ಹೊರಟುಹೋಗುತ್ತದೆ. ಆಗ ಹಾಳೆ ಕುಗ್ಗುತ್ತದೆ, ಬಿರಿಯುತ್ತದೆ. ಕಡಿಮೆ ಬೆಲೆಯ ಸ್ಟಿಕ್ಕರ್ ರೋಲರ್‌ಗಳ ನಡುವೆ ಒತ್ತಿ ಹಿಗ್ಗಿಸಿ ಮಾಡಿದ ಹಾಳೆ, ಅದು ಬೇಗ ಕುಗ್ಗುತ್ತದೆ. ಕಾಸ್ಟ್ ವಿನೈಲ್ ಅನ್ನುವ ತೆಳು ಹಾಳೆ ಜಾಸ್ತಿ ವರ್ಷ ಬಾಳುತ್ತದೆ, ಕೀಳುವಾಗಲೂ ಇಡಿಯಾಗಿ ಬರುತ್ತದೆ.

ಅಕ್ಷರ ಚೂರು ಚೂರಾಗಿ ಬರುತ್ತಿದೆ

ಬಿಸಿ ಸಾಲದು, ಇಲ್ಲವೇ ನೀವು ಅವಸರ ಮಾಡುತ್ತಿದ್ದೀರಿ. ಮಳೆಗಾಲದಲ್ಲಿ ಈ ತೊಂದರೆ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ರಿಪೇರಿ ಎಲ್ಲ ಆಗಲೇ ನಡೆಯುತ್ತದೆ. ಆದರೆ ಆಗ ದೋಣಿಯ ಮೈ ತಣ್ಣಗೆ, ಒದ್ದೆಯಾಗಿ ಇರುತ್ತದೆ. ದೋಣಿಯನ್ನು ಮೇ ತಿಂಗಳಲ್ಲೇ ಮೇಲೆ ಎಳೆಯುವ ಅನುಕೂಲ ಇದ್ದರೆ ಸ್ಟಿಕ್ಕರ್ ಕೆಲಸವನ್ನು ಆಗಲೇ ಮುಗಿಸಿ. ಮೇ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಸ್ಟಿಕ್ಕರ್ ಹೇರ್ ಡ್ರೈಯರ್ ಇಲ್ಲದೆಯೇ ಏಳುತ್ತದೆ.

ಹೇರ್ ಡ್ರೈಯರ್ ಸಾಕಾಗದಿದ್ದರೆ ಹೀಟ್ ಗನ್ ಬಳಸಿ. ಆದರೆ ಕಡಿಮೆ ಸೆಟ್ಟಿಂಗ್‌ನಲ್ಲಿ, ಒಂದು ಗೇಣು ದೂರದಿಂದ, ಕೈ ಆಡಿಸುತ್ತಾ. ಹೀಟ್ ಗನ್‌ನ ಮೂತಿಯಲ್ಲಿ ಬಿಸಿ 500 ಡಿಗ್ರಿ ದಾಟಬಲ್ಲದು. ಜೆಲ್‌ಕೋಟ್‌ಗೆ ಬೇಕಾಗಿರುವುದು 50–60 ಡಿಗ್ರಿ ಅಷ್ಟೇ. ಅಂಗೈ ಇಟ್ಟು ನೋಡಿ. ಒಂದೆರಡು ಸೆಕೆಂಡ್ ಇಡಲು ಆಗಬೇಕು. ಮುಟ್ಟಲೇ ಆಗದಿದ್ದರೆ ಜಾಸ್ತಿಯಾಯಿತು. ಹೆಚ್ಚು ಬಿಸಿಯಾದರೆ ಜೆಲ್‌ಕೋಟ್ ಹಳದಿಯಾಗುತ್ತದೆ, ಗುಳ್ಳೆ ಏಳುತ್ತದೆ, ಒಳಗಿನ ಫೈಬರ್‌ನ ನೇಯ್ಗೆ ಮೇಲೆ ಮೂಡುತ್ತದೆ. ಗ್ಯಾಸ್ ಟಾರ್ಚ್ ಮಾತ್ರ ಬೇಡವೇ ಬೇಡ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಶ್ವಾಸಕೋಶಕ್ಕೆ ಅದು ವಿಷ.

ಮೂಲೆ ಎತ್ತಿದ ಮೇಲೆ ನೇರವಾಗಿ ನಿಮ್ಮ ಕಡೆ ಜಗ್ಗಬೇಡಿ. ಹಾಳೆಯನ್ನು ಹಿಂದಕ್ಕೆ ಮಡಚಿ, ದೋಣಿಯ ಮೈಗೆ ಸುಮಾರು 45 ಡಿಗ್ರಿ ಕೋನದಲ್ಲಿ, ನಿಧಾನವಾಗಿ ಎಳೆಯಿರಿ. ಎಳೆಯುವ ಜಾಗದ ಸ್ವಲ್ಪ ಮುಂದಕ್ಕೆ ಬಿಸಿ ಗಾಳಿ ಬೀಳುತ್ತಿರಲಿ. ನಿಧಾನಕ್ಕೆ ಎಳೆದಷ್ಟೂ ಅಂಟು ಹಾಳೆಯ ಜೊತೆಗೇ ಬರುತ್ತದೆ.

ಎತ್ತಲು ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಅವಧಿ ಮುಗಿದ ಎಟಿಎಂ ಕಾರ್ಡ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟೀಲ್ ಬ್ಲೇಡ್‌ನಲ್ಲಿ ಬೇಗ ಆಗುತ್ತದೆ ನಿಜ, ಆದರೆ ದೋಣಿಯ ಮೈ ಬಾಗಿರುವುದರಿಂದ ಬ್ಲೇಡ್‌ನ ಮೂಲೆ ಎಲ್ಲಾದರೂ ಕಚ್ಚಿಯೇ ಕಚ್ಚುತ್ತದೆ. ಆ ಗೀರಿನಲ್ಲಿ ಕೊಳೆ ತುಂಬಿ ಕಪ್ಪು ಗೆರೆಯಾಗುತ್ತದೆ.

ನಿಜವಾಗಿ ಬೆಳಕು ಪ್ರತಿಫಲಿಸುವ ಹಾಳೆಯಾಗಿದ್ದರೆ ತಾಳ್ಮೆ ಇನ್ನೂ ಜಾಸ್ತಿ ಬೇಕು. ಅದು ಒಂದೇ ಹಾಳೆಯಲ್ಲ. ಮೇಲಿನ ಪದರ ಎದ್ದು ಬಂದು, ಗಾಜಿನ ಸಣ್ಣ ಮಣಿಗಳಿರುವ ಬೂದು ಪದರ ದೋಣಿಯ ಮೇಲೆ ಉಳಿಯುತ್ತದೆ. ಅದನ್ನು ಒಣಗಿದ್ದಂತೆ ಕೆರೆಯಬೇಡಿ, ಮಣಿಗಳೇ ಜೆಲ್‌ಕೋಟ್ ಗೀರುತ್ತವೆ. ನೇರವಾಗಿ ಮುಂದಿನ ಹಂತಕ್ಕೆ ಹೋಗಿ, ನೆನೆಸಿ.

ಕಾರಿನ ಸ್ಟಿಕ್ಕರ್ ತೆಗೆಯುವವರು ಡ್ರಿಲ್‌ಗೆ ಸಿಕ್ಕಿಸುವ ರಬ್ಬರ್ ಚಕ್ರ ಬಳಸುತ್ತಾರೆ. ಕಾರಿನ ತಗಡಿಗೆ ಅದು ಸರಿ, ತಗಡು ಬಿಸಿಯನ್ನು ಹರಡಿಬಿಡುತ್ತದೆ. ಫೈಬರ್ ಹಾಗೆ ಹರಡುವುದಿಲ್ಲ, ಬಿಸಿ ಒಂದೇ ಕಡೆ ನಿಂತು ಸುಡುತ್ತದೆ. ಬಳಸಲೇಬೇಕು ಅಂದರೆ ಕಡಿಮೆ ವೇಗ, ಹಗುರ ಒತ್ತಡ, ಚಕ್ರ ಒಂದೇ ಕಡೆ ನಿಲ್ಲದ ಹಾಗೆ. ನನ್ನ ಕೇಳಿದರೆ ಬೇಡ.

ಅಂಟು ಹೋಗುತ್ತಿಲ್ಲ, ಉಜ್ಜಿದಷ್ಟೂ ಹರಡುತ್ತಿದೆ

ಇದು ಅಸಿಟೋನ್ ಬಳಸುವವರ ತೊಂದರೆ. ಫೈಬರ್ ಕೆಲಸ ಮಾಡುವ ಕಡೆ ಬ್ರಷ್ ತೊಳೆಯಲು ಅಸಿಟೋನ್ ಯಾವಾಗಲೂ ಇರುತ್ತದೆ, ಹಾಗಾಗಿ ಕೈ ಮೊದಲು ಅದಕ್ಕೇ ಹೋಗುತ್ತದೆ. ಆದರೆ ಅದು ಆವಿಯಾಗುವ ವೇಗ ತುಂಬ ಜಾಸ್ತಿ. ಅಂಟು ಕರಗಿತು ಅನ್ನುವಷ್ಟರಲ್ಲಿ ಒಣಗಿ, ತೆಳುವಾಗಿ ಬೇರೆ ಕಡೆ ಅಂಟಿರುತ್ತದೆ.

ನಿಧಾನಕ್ಕೆ ಆರುವಂಥದ್ದು ಬೇಕು. ಸೀಮೆಎಣ್ಣೆ ಅಥವಾ ಮಿನರಲ್ ಟರ್ಪೆಂಟೈನ್ ಸಾಕು. ಹಳೆ ಹತ್ತಿ ಬಟ್ಟೆಯನ್ನು ಅದರಲ್ಲಿ ನೆನೆಸಿ ಅಂಟಿನ ಮೇಲೆ ಹಾಸಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ. ಹತ್ತು–ಹದಿನೈದು ನಿಮಿಷ ಬಿಡಿ. ಅಂಟು ಉಬ್ಬಿ ಮೆತ್ತಗಾಗಿರುತ್ತದೆ, ಪ್ಲಾಸ್ಟಿಕ್ ಸ್ಕ್ರೇಪರ್‌ಗೆ ಮುದ್ದೆಯಾಗಿ ಬರುತ್ತದೆ. ಹೊರಗಿನಿಂದ ಒಳಗೆ ಒರೆಸಿ. ಬಟ್ಟೆಯನ್ನು ಪ್ರತಿ ಸಲ ಮಡಚಿ ಹೊಸ ಮುಖ ಬಳಸಿ. ಅಂಟು ಮೆತ್ತಿದ ಮುಖದಿಂದಲೇ ಮತ್ತೆ ಒರೆಸಿದರೆ ತೆಗೆದದ್ದನ್ನು ವಾಪಸ್ ಬಳಿದ ಹಾಗೆ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಿಂದ ತೊಳೆಯಿರಿ, ಸೀಮೆಎಣ್ಣೆಯ ಜಿಡ್ಡು ಹೋಗಬೇಕು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒಮ್ಮೆ ಒರೆಸಿ. ಜೆಲ್‌ಕೋಟ್ ಅಂತ ಖಚಿತವಾಗಿದ್ದರೆ ಈ ಕೊನೆಯ ಹಂತದಲ್ಲಿ ಅಸಿಟೋನ್ ಬಳಸಿದರೂ ಅಡ್ಡಿ ಇಲ್ಲ, ಆದರೆ ಒರೆಸಿ ತೆಗೆಯಿರಿ, ನೆನೆಯಲು ಬಿಡಬೇಡಿ. ದೋಣಿಯ ಅಕ್ರಿಲಿಕ್ ಕಿಟಕಿ, ಗಾಳಿತಡೆಯ ಹಾಳೆ ಹತ್ತಿರದಲ್ಲಿದ್ದರೆ ಅಸಿಟೋನ್‌ನ ಒಂದು ಹನಿಯೂ ಬೀಳಬಾರದು, ತಕ್ಷಣ ಮಬ್ಬಾಗುತ್ತದೆ.

ಜೀವದ ವಿಷಯ ಒಂದು ಹೇಳಲೇಬೇಕು. ಹೀಟ್ ಗನ್ ಮತ್ತು ಈ ದ್ರವಗಳು ಒಟ್ಟಿಗೆ ಇರಬಾರದು. ಬಿಸಿ ಮಾಡುವ ಕೆಲಸ ಪೂರ್ತಿ ಮುಗಿದು, ಗನ್ ಪ್ಲಗ್ ತೆಗೆದು, ತಣ್ಣಗಾದ ಮೇಲೆ ಡಬ್ಬಿ ತೆರೆಯಿರಿ. ಔಟ್‌ಬೋರ್ಡ್ ಎಂಜಿನ್‌ನ ಇಂಧನದ ಟ್ಯಾಂಕ್ ದೂರ ಇಡಿ. ನೈಟ್ರೈಲ್ ಕೈಗವಸು ಹಾಕಿ. ಕಿತ್ತ ಸ್ಟಿಕ್ಕರ್ ಚೂರು, ಅಂಟು ಮೆತ್ತಿದ ಬಟ್ಟೆ ನದಿಗೂ ಕಡಲಿಗೂ ಬೀಳದ ಹಾಗೆ ಕೆಳಗೆ ಟಾರ್ಪಾಲ್ ಹಾಸಿಕೊಳ್ಳಿ.

ಅಂಟೂ ಹೋಯಿತು, ಆದರೂ ಅಕ್ಷರ ಓದಲು ಬರುತ್ತಿದೆ

ಇಲ್ಲಿಂದ ಮುಂದಿನದ್ದೇ ನಿಜವಾದ ಪತ್ತೆ ಕೆಲಸ.

ಗಡಿಯಾರ ಕಟ್ಟಿದ ಕೈ ನೋಡಿದ್ದೀರಲ್ಲ, ಪಟ್ಟಿಯ ಕೆಳಗೆ ಚರ್ಮದ ಮೂಲ ಬಣ್ಣ ಹಾಗೇ ಇರುತ್ತದೆ. ದೋಣಿಯಲ್ಲೂ ಅದೇ ಆಗಿರುವುದು. ಸ್ಟಿಕ್ಕರ್ ಕೆಳಗಿನ ಜೆಲ್‌ಕೋಟ್‌ಗೆ ವರ್ಷಗಟ್ಟಲೆ ಬಿಸಿಲು ತಾಗಿಲ್ಲ. ಸುತ್ತಲಿನದ್ದು ನೇರಳಾತೀತ ಕಿರಣಕ್ಕೆ, ಉಪ್ಪು ನೀರಿಗೆ ಒಡ್ಡಿಕೊಂಡು ಪುಡಿ ಎದ್ದಿದೆ, ಮಾಸಿದೆ. ಅಕ್ಷರದ ಜಾಗವೇ ನಿಮ್ಮ ದೋಣಿಯ ಒಳ್ಳೆ ಜಾಗ. ಅದನ್ನು ತಿಕ್ಕಿ ಏನು ಪ್ರಯೋಜನ ಅಲ್ವಾ? ಸುತ್ತಲಿನದನ್ನು ಅದರ ಮಟ್ಟಕ್ಕೆ ತರಬೇಕು.

ಎಷ್ಟು ತರಲು ಸಾಧ್ಯ ಅಂತ ತಿಳಿಯಲು ನೀರು ಸಾಕು. ಒಣಗಿದ ಮೈಯನ್ನು ಮೊದಲು ಚೆನ್ನಾಗಿ ನೋಡಿ. ಆಮೇಲೆ ನೀರು ಚಿಮುಕಿಸಿ, ಮೈ ಪೂರ್ತಿ ಒದ್ದೆ ಇರುವಾಗಲೇ ಮತ್ತೆ ನೋಡಿ.

ಒದ್ದೆಯಾದಾಗ ನೆರಳು ಮಾಯವಾಗಿ, ಒಣಗಿದ ಮೇಲೆ ವಾಪಸ್ ಬಂದರೆ ಒಳ್ಳೆಯ ಸುದ್ದಿ. ಸುತ್ತಲಿನ ಜೆಲ್‌ಕೋಟ್‌ನ ಮೇಲ್ಪದರ ಮಾತ್ರ ಒರಟಾಗಿದೆ. ಒರಟು ಮೈ ಬೆಳಕನ್ನು ಚದುರಿಸುವುದರಿಂದ ಬಿಳಿಚಿದಂತೆ ಕಾಣುತ್ತದೆ. ನೀರು ಆ ಸಣ್ಣ ತಗ್ಗುಗಳನ್ನು ತುಂಬಿದಾಗ ಮೂಲ ಬಣ್ಣ ಕಾಣುತ್ತದೆ. ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದಂಥ ಪುಡಿ ಬರುವುದೂ ಇದಕ್ಕೇ. ಇದು ರಬ್ಬಿಂಗ್ ಕಾಂಪೌಂಡ್, ಅಂದರೆ ಮೈ ಉಜ್ಜಿ ಹೊಳಪು ತರುವ ಪೇಸ್ಟ್ ಹಾಕಿದರೆ ಹೋಗುತ್ತದೆ.

ಒದ್ದೆಯಾದರೂ ನೆರಳು ಹಾಗೇ ಇದ್ದರೆ ಬಣ್ಣವೇ ಮಾಸಿದೆ. ಕೆಂಪು, ಕಡುನೀಲಿ ದೋಣಿಗಳಲ್ಲಿ ಇದು ಜಾಸ್ತಿ. ಬಿಳಿ ದೋಣಿಯಲ್ಲಿ ಕಡಿಮೆ. ಕಾಂಪೌಂಡ್‌ನಿಂದ ನೆರಳು ತೆಳುವಾಗುತ್ತದೆ, ಪೂರ್ತಿ ಹೋಗುವ ಭರವಸೆ ಇಲ್ಲ.

ಇನ್ನೊಂದು ಸಾಧ್ಯತೆ ಇದೆ. ನೆರಳಿನ ಬಣ್ಣ ದೋಣಿಯ ಬಣ್ಣದ್ದಲ್ಲ, ಸ್ಟಿಕ್ಕರ್‌ನದ್ದು. ಬಿಳಿ ದೋಣಿಯ ಮೇಲೆ ಕೆಂಪು ಅಕ್ಷರ ಇದ್ದ ಕಡೆ ತೆಳು ಗುಲಾಬಿ ಉಳಿದರೆ, ವಿನೈಲ್‌ನ ಬಣ್ಣ ಜೆಲ್‌ಕೋಟ್‌ಗೆ ಇಳಿದಿದೆ ಅಂತ ಅರ್ಥ. ಈ ಒಂದು ಸಂದರ್ಭದಲ್ಲಿ ಮಾತ್ರ ಅಕ್ಷರದ ಜಾಗವನ್ನೇ ಉಜ್ಜಬೇಕು, ಅದೂ ನಯವಾದ ಕಾಂಪೌಂಡ್‌ನಿಂದ, ಹಗುರವಾಗಿ.

ಮೊದಲ ಎರಡಕ್ಕೂ ಕೆಲಸದ ಕ್ರಮ ಒಂದೇ. ದೋಣಿಯ ಮೈಯನ್ನು ತೊಳೆದು ಒಣಗಿಸಿ. ಅಂಗೈ ಅಗಲದ ಜಾಗದಲ್ಲಿ, ಅರ್ಧ ನೆರಳು ಅರ್ಧ ಬರಿ ಮೈ ಬರುವ ಹಾಗೆ, ಕೈಯಿಂದ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ನೋಡಿ. ಅಷ್ಟರಲ್ಲೇ ಎರಡರ ನಡುವಿನ ವ್ಯತ್ಯಾಸ ಕಡಿಮೆಯಾದರೆ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಸ್ಯಾಂಡ್ ಪೇಪರ್) ಬೇಕಾಗಿಲ್ಲ. ಬಫಿಂಗ್ ಮೆಷಿನ್‌ಗೆ ಉಣ್ಣೆಯ ಪ್ಯಾಡ್ ಹಾಕಿ, 1000ದಿಂದ 1500 ಆರ್‌ಪಿಎಂನಲ್ಲಿ, ಇಡೀ ಫಲಕಕ್ಕೆ ಹೊಡೆಯಿರಿ. ಹೆಸರಿನ ಸುತ್ತ ಮಾತ್ರ ಹೊಡೆದರೆ ನೆರಳಿನ ಬದಲು ಒಂದು ಹೊಳೆಯುವ ಚೌಕ ಸಿಗುತ್ತದೆ. ದೋಣಿಯ ಮುಂತುದಿಯಿಂದ ಹಿಂತುದಿಯವರೆಗೆ ಮಾಡಿದರೆ ಉತ್ತಮ, ಆಗದಿದ್ದರೆ ಒಂದು ಏಣು ಅಥವಾ ಗೆರೆಯ ತನಕವಾದರೂ ಮಾಡಿ. ಮೂಲೆ, ಏಣುಗಳ ಮೇಲೆ ಮೆಷಿನ್ ಒತ್ತಬೇಡಿ. ಅಲ್ಲಿ ಜೆಲ್‌ಕೋಟ್ ಬೇಗ ಸವೆಯುತ್ತದೆ.

ಕಾಂಪೌಂಡ್ ಸಾಲದೆ ಹೋದರೆ ಮಾತ್ರ ವಾಟರ್ ಪೇಪರ್. 1000 ನಂಬರ್‌ನಿಂದ ಶುರು ಮಾಡಿ, 1500, ಆಮೇಲೆ 2000. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ. ನೀರು ಧಾರಾಳ ಇರಲಿ, ಪೇಪರ್ ಕೆಳಗೆ ರಬ್ಬರ್ ಬ್ಲಾಕ್ ಇರಲಿ. ಬರಿ ಬೆರಳಿನಿಂದ ತಿಕ್ಕಿದರೆ ಬೆರಳಿನ ಅಗಲದ ತಗ್ಗು ಬೀಳುತ್ತದೆ, ಹೊಳಪು ಬಂದ ಮೇಲೆ ಅದು ಅಲೆಯಾಗಿ ಕಾಣುತ್ತದೆ. ಕೆಲವರು ಬೇಗ ಆಗಲಿ ಅಂತ 400ರಿಂದ ಶುರು ಮಾಡುತ್ತಾರೆ. ಅದರ ಗೀರು ತೆಗೆಯಲು ಇನ್ನಷ್ಟು ಜೆಲ್‌ಕೋಟ್ ಬಲಿ ಕೊಡಬೇಕಾಗುತ್ತದೆ. ತಿಕ್ಕುವಾಗ ಬಣ್ಣ ಪಾರದರ್ಶಕವಾಗುತ್ತಿದೆ ಅಥವಾ ಫೈಬರ್‌ನ ಎಳೆ ಕಾಣುತ್ತಿದೆ ಅನ್ನಿಸಿದರೆ ಕೂಡಲೇ ನಿಲ್ಲಿಸಿ. ಅಲ್ಲಿ ಜೆಲ್‌ಕೋಟ್ ಮುಗಿದಿದೆ.

ಬಣ್ಣ ಆಳಕ್ಕೆ ಮಾಸಿದ್ದರೆ ಹಟ ಹಿಡಿಯಬೇಡಿ. ಕಾಂಪೌಂಡ್ ಹಾಕಿ ಬಂದಷ್ಟು ತನ್ನಿ, ಉಳಿದದ್ದನ್ನು ಹೊಸ ಅಕ್ಷರದಿಂದ ಮುಚ್ಚಿ. ಹೆಸರು ಬದಲಾಗಿಲ್ಲ ಅಂದರೆ ಅದೇ ಅಳತೆಯ, ಸ್ವಲ್ಪ ದಪ್ಪಗಿನ ಅಕ್ಷರ ಕಟ್ ಮಾಡಿಸಬಹುದು. ಬದಲಾಗಿದ್ದರೆ ಹೆಸರಿನ ಹಿಂದೆ ಅಗಲವಾದ ಪಟ್ಟಿ ಹಾಕಿಸುವುದು ಸುಲಭ. ಮುಚ್ಚದೆ ಬಿಟ್ಟರೂ ಆ ಜಾಗಕ್ಕೆ ಈಗ ಬಿಸಿಲು ಬೀಳುವುದರಿಂದ ವರ್ಷ ಕಳೆದ ಹಾಗೆ ವ್ಯತ್ಯಾಸ ಕಡಿಮೆಯಾಗುತ್ತದೆ. ಎರಡೂ ಬೇಡ ಅಂದರೆ ಇಡೀ ಮೈಗೆ ಪಿಯು ಪೇಂಟ್. ಬರಿ ಒಂದು ಹೆಸರಿಗೋಸ್ಕರ ಅಷ್ಟು ಖರ್ಚು ಬೇಕೇ ಅನ್ನುವುದು ನಿಮಗೆ ಬಿಟ್ಟದ್ದು.

ಅಕ್ಷರದ ಅಂಚು ಉಗುರಿಗೆ ಸಿಗುತ್ತಿದೆ

ಕಣ್ಣಿಗಿಂತ ಉಗುರನ್ನು ನಂಬಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ದೋಣಿಯ ಮೈಗೆ ಒರಗಿಸಿ ಹಿಡಿದರೆ ಅಂಚು ಎದ್ದು ಕಾಣುತ್ತದೆ.

ಅಕ್ಷರದ ಜಾಗ ಎತ್ತರದಲ್ಲಿದ್ದರೆ ಒಂದೋ ಅಂಟು ಪೂರ್ತಿ ಹೋಗಿಲ್ಲ, ಇಲ್ಲವೇ ಸುತ್ತಲಿನ ಜೆಲ್‌ಕೋಟ್ ಹಿಂದೆ ಕಾಂಪೌಂಡ್ ತಿಂದು ಸವೆದಿದೆ. ಸೀಮೆಎಣ್ಣೆ ಬಟ್ಟೆ ಇನ್ನೊಮ್ಮೆ ಹಾಸಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಅಕ್ಷರದ ಜಾಗ ತಗ್ಗಿನಲ್ಲಿದ್ದರೆ, ಸ್ಟಿಕ್ಕರ್ ಇರುವಾಗಲೇ ಸುತ್ತ ಪೇಂಟ್ ಹೊಡೆದಿದ್ದಾರೆ. ಆಗ ಪೇಂಟ್ ತೆಗೆಯುವುದೋ, ಅಂಚು ಸವರಿ ಮತ್ತೆ ಬಳಿಯುವುದೋ ಮಾಡಬೇಕು.

ಅಂಚಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಮಾತ್ರ ಇದ್ದರೆ ಅದು ಬ್ಲೇಡ್‌ನ ಗೀರು. ಸ್ಟಿಕ್ಕರನ್ನು ದೋಣಿಯ ಮೇಲೆ ಅಂಟಿಸಿ ಅಲ್ಲೇ ಕತ್ತರಿಸಿದರೆ ಹೀಗಾಗುತ್ತದೆ. ಆಳವಿಲ್ಲದಿದ್ದರೆ 1000 ಪೇಪರ್‌ಗೆ ಹೋಗುತ್ತದೆ. ಆಳ ಇದ್ದರೆ ತಿಕ್ಕಬೇಡಿ, ಅದೇ ಬಣ್ಣದ ಜೆಲ್‌ಕೋಟ್ ತುಂಬಿಸಿ. ಜೆಲ್‌ಕೋಟ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಎಷ್ಟು ಹಾಕಬೇಕು ಅಂತ ಡಬ್ಬಿಯ ಮೇಲೆ ಇರುತ್ತದೆ, ಸಾಮಾನ್ಯವಾಗಿ ಶೇಕಡಾ 2ರ ಒಳಗೆ. ತುಂಬಿಸಿದ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಮುಚ್ಚಿ, ಯಾಕೆಂದರೆ ಮೇಣ ಬೆರೆಸದ ಜೆಲ್‌ಕೋಟ್ ಗಾಳಿ ತಾಗಿದರೆ ಮೇಲ್ಭಾಗ ಜಿಗುಟಾಗೇ ಉಳಿಯುತ್ತದೆ. ಹಾರ್ಡ್‌ನರ್ ಮತ್ತು ಅದು ಬೇಗ ಕೆಲಸ ಮಾಡುವಂತೆ ಹಾಕುವ ಕೋಬಾಲ್ಟ್ ಎಕ್ಸಲರೇಟರ್ ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಅವೆರಡನ್ನು ನೇರವಾಗಿ ಬೆರೆಸಲೇಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಎಕ್ಸಲರೇಟರನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್ ಹಾಕಿ. ಕನ್ನಡಕ ಹಾಕಿಕೊಂಡೇ ಮಾಡಿ. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು.

ಹೊಸ ಸ್ಟಿಕ್ಕರ್ ಅಂಚಿನಿಂದ ಏಳುತ್ತಿದೆ

ಕಾಂಪೌಂಡ್ ಮತ್ತು ಪಾಲಿಶ್‌ನಲ್ಲಿ ಎಣ್ಣೆ, ಕೆಲವದರಲ್ಲಿ ಸಿಲಿಕೋನ್ ಇರುತ್ತದೆ. ಮೈ ಹೊಳೆಯುತ್ತಿದ್ದರೂ ಅಂಟು ಹಿಡಿಯುವುದಿಲ್ಲ. ವ್ಯಾಕ್ಸ್ ಹಾಕಿದ್ದರಂತೂ ಇಲ್ಲವೇ ಇಲ್ಲ. ದೋಣಿಗೆ ವ್ಯಾಕ್ಸ್ ಹಾಕುವ ಮೊದಲೇ ಹೆಸರು ಬರುವ ಜಾಗವನ್ನು ಸೋಪು ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡು ಸಲ ಒರೆಸಿ. ಮಾಸ್ಕಿಂಗ್ ಟೇಪ್ ಒಂದು ತುಂಡು ಒತ್ತಿ ಕಿತ್ತು ನೋಡಿ. ಟೇಪ್‌ಗೆ ಬಿಳಿ ಪುಡಿ ಬಂದರೆ ಇನ್ನೂ ಕಾಂಪೌಂಡ್ ಬೇಕು. ಟೇಪ್ ಹಿಡಿಯಲೇ ಇಲ್ಲ ಅಂದರೆ ಜಿಡ್ಡು ಉಳಿದಿದೆ.

ಹೊಸದು ಕಾಸ್ಟ್ ವಿನೈಲ್ ಇರಲಿ ಅಂತ ಅಂಗಡಿಯಲ್ಲಿ ಕೇಳಿ ಮಾಡಿಸಿ. ಮುಂದೆ ಅದನ್ನು ಕೀಳುವವರಿಗೂ ಸುಲಭ. ಮೈಗೆ ಸೋಪು ನೀರು ಚಿಮುಕಿಸಿ ಅಂಟಿಸಿದರೆ ಅಕ್ಷರವನ್ನು ಸರಿಸಿ ಕೂರಿಸಬಹುದು. ನಡುವಿನಿಂದ ಹೊರಕ್ಕೆ ನೀರು ಒತ್ತಿ ತೆಗೆದು, ಒಂದು ದಿನ ಒಣಗಲು ಬಿಟ್ಟು, ಆಮೇಲೆ ಸುತ್ತಲಿನ ಮೈಗೆ ವ್ಯಾಕ್ಸ್ ಹಾಕಿ.

ಕಿತ್ತದ್ದು ಬರಿ ಹೆಸರಲ್ಲ, ನೋಂದಣಿ ಸಂಖ್ಯೆಯೂ ಆಗಿದ್ದರೆ ಕೆಲಸ ಶುರು ಮಾಡುವ ಮೊದಲು ಎರಡೂ ಪಕ್ಕದ ಫೋಟೋ ತೆಗೆದಿಟ್ಟುಕೊಳ್ಳಿ, ಅಕ್ಷರದ ಅಳತೆ ಬರೆದಿಟ್ಟುಕೊಳ್ಳಿ. ಕಡಲಲ್ಲಿ ಕೋಸ್ಟ್ ಗಾರ್ಡ್‌ನವರೂ ಕರಾವಳಿ ಕಾವಲು ಪೊಲೀಸರೂ ದೋಣಿ ತಪಾಸಣೆ ಮಾಡುವಾಗ ಮೊದಲು ನೋಡುವುದು ಅದನ್ನೇ. ದೋಣಿ ನೀರಿಗೆ ಇಳಿಯುವ ಮೊದಲು ಆ ಸಂಖ್ಯೆ ಎರಡೂ ಪಕ್ಕದಲ್ಲಿ ವಾಪಸ್ ಬಂದಿರಬೇಕು.